ಶುದ್ಧ ಮಾಡಿದ ಪ್ರತಿ

ನಮ್ಮಮ್ಮನನ್ನು ಅವರು ಗದ್ದಲದ ಲೆಕ್ಕಕ್ಕೆ ಸೇರಿಸಿದ್ದರು. ಫ್ಯಾನಿನ ಗುಂಯ್, ಬೀದಿಯಲ್ಲಿ ಹೋದ ಲಾರಿಯ ಹಾರ್ನು, ಯಾರೋ ನೆಲಕ್ಕಿಟ್ಟ ಲೋಟದ ಟಣ್, ಆಮೇಲೆ ನಮ್ಮಮ್ಮ. ಇಷ್ಟನ್ನೂ ತೆಗೆದು ಶುದ್ಧ ಮಾಡಿದ್ದೇವೆ ಅಂತ ಜನ ತುಂಬಿದ ಹಾಲಿನಲ್ಲಿ, ನನ್ನ ಎದುರಿಗೇ, ಕೈ ಕಟ್ಟಿಕೊಂಡು ನಿಂತು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಗಂಡನೂ ತಟ್ಟಿದರು.

ಅದು ಹಳೆಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳನ್ನು ಹಂಚಿಕೊಂಡು ಕೇಳುವವರ ಕೂಟ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆಯಲ್ಲಿ ಸೇರುತ್ತಾರೆ. ಅಂಗಡಿಯಲ್ಲಿ ಸಿಗುವ ರೆಕಾರ್ಡು ಅಲ್ಲಿ ಯಾರಿಗೂ ಬೇಡ. ಯಾರದೋ ಮನೆಯ ಮಹಡಿಯ ಮೇಲೆ ನಾಲ್ಕು ಜನರ ಮುಂದೆ ಹಾಡಿದ್ದು, ರೇಡಿಯೋದವರು ಒರೆಸಿಹಾಕಿದ್ದು, ಹಾಡುಗಾರರೇ ಮರೆತದ್ದು, ಅಂಥದ್ದು ಬೇಕು. ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ ಅದು ತನ್ನ ಹತ್ತಿರ ಮಾತ್ರ ಇರಬೇಕು. ಇದೆ ಅಂತ ಮಾತ್ರ ಎಲ್ಲರಿಗೂ ಗೊತ್ತಿರಬೇಕು.

ಅಲ್ಲಿ ಒಂದು ಕಟ್ಟಳೆ ಇದೆ. ಬೇರೆ ಯಾರಲ್ಲೂ ಇಲ್ಲದ ಒಂದು ಧ್ವನಿಮುದ್ರಣವನ್ನು ತಂದುಕೊಟ್ಟವರು ಸದಸ್ಯರು. ಅವರ ಮೂಲ ಕ್ಯಾಸೆಟ್ಟು ಮ್ಯಾನೇಜರರ ಕಬ್ಬಿಣದ ಬೀರು ಸೇರುತ್ತದೆ, ಬದಲಿಗೆ ಬೀರುವಿನಲ್ಲಿ ಇರುವುದರ ಪ್ರತಿಯೆಲ್ಲ ಅವರಿಗೆ. ಏನೂ ತರದವರು ಬಂದು ಕೇಳಬಹುದು, ಪ್ರತಿ ಕೇಳುವ ಹಾಗಿಲ್ಲ. ನನ್ನ ಗಂಡ ವರ್ಷಗಟ್ಟಲೆ ಈ ಬರಿಗೈ ಜನರಲ್ಲಿ ಒಬ್ಬರಾಗಿದ್ದರು. ವಿಮೆ ಕಚೇರಿಯಲ್ಲಿ ಹತ್ತು ಜನರ ಮೇಲೆ ಜೋರು ಮಾಡುವ ಮನುಷ್ಯ ಭಾನುವಾರ ಹೋಗಿ ಅಲ್ಲಿ ಕುರ್ಚಿ ಹಾಕುತ್ತಿದ್ದರು, ಮುಗಿದ ಮೇಲೆ ಮಡಚಿ ಇಡುತ್ತಿದ್ದರು. ಮನೆಗೆ ಬಂದು, "ಏನು ಹಾಡು ಹಾಕಿದ್ರು ಗೊತ್ತಾ ಇವತ್ತು! ಒಂದು ಪ್ರತಿ ಸಿಕ್ಕಿದ್ರೆ..." ಅಂತ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಅಯ್ಯೋ ಅನಿಸುತ್ತಿತ್ತು. ಈ ಅಯ್ಯೋ ಅನ್ನುವುದು ದೊಡ್ಡ ಅಪಾಯ. ಎಷ್ಟು ಹೆಂಗಸರು ಇದರಿಂದಲೇ ಕೆಟ್ಟಿದ್ದಾರೆ.

ನನ್ನ ಹತ್ತಿರ ಅಮ್ಮನದೊಂದು ಕ್ಯಾಸೆಟ್ಟು ಇತ್ತು. ಅಮ್ಮನದು ಅಂದೆ, ಆದರೆ ಮನೆಯಲ್ಲಿ ಎಲ್ಲರೂ ಅದನ್ನು ಮೇಷ್ಟ್ರ ಕ್ಯಾಸೆಟ್ಟು ಅಂತಲೇ ಕರೆಯುತ್ತಿದ್ದದ್ದು. ನಾನು ಚಿಕ್ಕವಳಿದ್ದಾಗ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕರು ಇದ್ದರು. ಸಂಜೆ ನಮ್ಮ ಮನೆಗೆ ಬಂದು, ಚಹಾ ಕುಡಿದು, ಅಮ್ಮನಿಗೆ ಹಾಡು ಹೇಳಿಕೊಡುತ್ತಿದ್ದರು. ಅವರು ಅಷ್ಟು ದೊಡ್ಡ ವಿದ್ವಾಂಸರು, ಅವರ ಹೆಸರು ಕೇಳಿದರೆ ಜನ ಎದ್ದು ನಿಲ್ಲುತ್ತಾರೆ ಅಂತ ನನಗೆ ಗೊತ್ತಾದದ್ದು ಅವರು ಸತ್ತ ಮೇಲೆ. ನನಗೆ ಅವರು ಚಹಾಕ್ಕೆ ಸಕ್ಕರೆ ಹೆಚ್ಚು ಕೇಳುವ, ಕೆಮ್ಮುವ ಮೇಷ್ಟ್ರು. ಸೋದರಮಾವ ಎಲ್ಲಿಂದಲೋ ಟೇಪ್ ರೆಕಾರ್ಡರ್ ತಂದವನು ಒಂದು ಸಂಜೆಯ ಪಾಠವನ್ನು ಹಿಡಿದಿಟ್ಟಿದ್ದ. ಮೇಷ್ಟ್ರು ಒಂದು ಸಾಲು ಹಾಡುವುದು, ಅಮ್ಮ ಅದನ್ನೇ ತಿರುಗಿ ಹಾಡುವುದು. ಮಧ್ಯೆ ಎಲ್ಲೋ ನಾನು ಬಂದು "ಅಮ್ಮಾ, ತಮ್ಮ ಗೋಡೆ ಮೇಲೆ ಬರೀತಿದಾನೆ" ಅಂತ ಚಾಡಿ ಹೇಳುತ್ತೇನೆ. ಅದನ್ನು ತೆಗೆದದ್ದಕ್ಕೆ ನನಗೇನೂ ಬೇಜಾರಿಲ್ಲ.

ಅಮ್ಮ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಈಗ ಅಮ್ಮ ಇಲ್ಲ. ಅವಳ ದನಿ ಇರುವುದು ಆ ಪ್ಲಾಸ್ಟಿಕ್ ಡಬ್ಬಿಯೊಳಗಿನ ಕಂದು ಪಟ್ಟಿಯಲ್ಲಿ, ಅಷ್ಟೇ.

"ಕ್ಯಾಸೆಟ್ಟಿಗೆ ವಯಸ್ಸಾಯ್ತು. ಬೂಷ್ಟು ಹಿಡಿಯೋ ಮುಂಚೆ ಕಂಪ್ಯೂಟರಿಗೆ ಹಾಕಿಸಿಡೋಣ. ನಮ್ಮ ಶುದ್ಧಿ ಮಾಡಿಕೊಡ್ತಾರೆ" ಅಂದರು ಗಂಡ.

ಶುದ್ಧಿ ಅನ್ನುವುದು ಅಡ್ಡಹೆಸರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ಈಗ ಕೂತಲ್ಲೇ ಹಳೆಯ ಕ್ಯಾಸೆಟ್ಟುಗಳ ಕೊಳೆ ತೆಗೆಯುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ಸದ್ದು ಗೆರೆಗೆರೆಯಾಗಿ ಮೂಡುತ್ತದಂತೆ, ಬೇಡದ ಗೆರೆಯನ್ನು ಆರಿಸಿ ಅಳಿಸುತ್ತಾರಂತೆ. ಕೊಡಿ, ಜೋಪಾನ ಅಂತ ನಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ವಾರ ಕಳೆಯಿತು, ತಿಂಗಳು ಕಳೆಯಿತು. "ಎಲ್ರೀ ಕ್ಯಾಸೆಟ್ಟು?" ಅಂದರೆ, "ಶುದ್ಧಿ ಹತ್ರ ಇದೆ, ಓಡಿಹೋಗಲ್ಲ" ಅನ್ನುತ್ತಿದ್ದರು. ಆಮೇಲೆ ಆ ಭಾನುವಾರ ಬೆಳಿಗ್ಗೆ, ಇಸ್ತ್ರಿ ಅಂಗಿ ತೊಟ್ಟು, ಮದುಮಗನ ಮುಖ ಮಾಡಿಕೊಂಡು, "ಇವತ್ತು ನಿಮ್ಮಮ್ಮನ ಕ್ಯಾಸೆಟ್ಟು ಹಾಕ್ತಾರೆ. ನೀನೂ ಬಾ" ಅಂದರು.

ಅಮ್ಮನ ದನಿಯನ್ನು ಅಷ್ಟು ಜನ ಕೂತು ಕೇಳುತ್ತಾರಲ್ಲ ಅಂತ ನನಗೆ ಖುಷಿಯಾಯಿತು. ನನ್ನದು ಬಟ್ಟೆ ಸರಿಮಾಡುವ ಅಂಗಡಿ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು. ಭಾನುವಾರ ಅರ್ಧ ದಿನ ತೆರೆದಿರುತ್ತೇನೆ. ಅವತ್ತು ತೆರೆಯಲೇ ಇಲ್ಲ. ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೊರಟೆ.

ಮ್ಯಾನೇಜರರ ಹಾಲಿನಲ್ಲಿ ಪರದೆ ಎಳೆದಿದ್ದರು. ಕಣ್ಣು ತೆರೆದಿದ್ದರೆ ಕಿವಿ ಮುಚ್ಚುತ್ತದೆ ಅನ್ನುವುದು ಅವರ ಸಿದ್ಧಾಂತ. ಮುಂದೆ ಸದಸ್ಯರಿಗೆ ಮೆತ್ತೆಯ ಕುರ್ಚಿಗಳು, ಹಿಂದೆ ಉಳಿದವರಿಗೆ ಮಡಚುವ ಕುರ್ಚಿಗಳು. ನನ್ನ ಗಂಡ ನೇರವಾಗಿ ಹೋಗಿ ಮೆತ್ತೆಯ ಕುರ್ಚಿಯಲ್ಲಿ ಕೂತರು. ಯಾರೂ ಎಬ್ಬಿಸಲಿಲ್ಲ. ನಾನು ಗೋಡೆ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತೆ. ಅದು ಕಿರ್ ಅಂದಿತು. ಶುದ್ಧಿ ತಿರುಗಿ ನೋಡಿದ ರೀತಿ ನೋಡಿದರೆ, ಕೈಗೆ ಸಿಕ್ಕಿದ್ದರೆ ನನ್ನನ್ನೂ ಆ ಕುರ್ಚಿಯನ್ನೂ ಅಳಿಸಿಬಿಡುತ್ತಿದ್ದರು.

ಮ್ಯಾನೇಜರರು ಎದ್ದು, "ನಮ್ಮ ಹೊಸ ಸದಸ್ಯರ ಕಾಣಿಕೆ. ವಿದ್ವಾಂಸರು ತೀರಿಕೊಳ್ಳೋಕೆ ಸ್ವಲ್ಪವೇ ಮುಂಚೆ ಹಾಡಿದ್ದು. ಇದು ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ" ಅಂದರು.

ಕಾಣಿಕೆ! ನಾನು ಗಂಡನ ಬೆನ್ನು ನೋಡಿದೆ. ಬೆನ್ನು ತಿರುಗಲಿಲ್ಲ. ಕಂಡವರ ಸೊತ್ತಿನಲ್ಲಿ ದಾನಶೂರ ಆದವರ ಬೆನ್ನು ಹಾಗೆ ನೆಟ್ಟಗಿರುತ್ತದೆ ಅಂತ ಅವತ್ತು ತಿಳಿಯಿತು.

ಆಗಲೇ ಶುದ್ಧಿ ಎದ್ದು ನಿಂತು ಏನೇನು ತೆಗೆದೆ ಅಂತ ಪಟ್ಟಿ ಒಪ್ಪಿಸಿದ್ದು. ಫ್ಯಾನು, ಲಾರಿ, ಲೋಟ. "ಆಮೇಲೆ ಮಧ್ಯೆ ಮಧ್ಯೆ ಒಂದು ಹೆಣ್ಣು ದನಿ ಇತ್ತು. ಪಾಠ ಹೇಳಿಸಿಕೊಳ್ಳೋರದ್ದು. ಅದನ್ನ ತೆಗೆದು, ವಿದ್ವಾಂಸರ ಸಾಲುಗಳನ್ನ ಒಂದಕ್ಕೊಂದು ಜೋಡಿಸಿದೀನಿ. ಜೋಡಿಸಿದ ಜಾಗ ಗೊತ್ತೇ ಆಗಲ್ಲ."

ಚಪ್ಪಾಳೆ ಬಿದ್ದದ್ದು ಆಗ.

ನಾನು ಆಗಲೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬಹುಶಃ ಎಲ್ಲೋ ಒಂದು ಕಡೆ ತಪ್ಪಿ ಉಳಿದಿರುತ್ತಾಳೆ, ಒಂದು ಉಸಿರಾದರೂ ಉಳಿದಿರುತ್ತೆ ಅಂತ ಆಸೆ.

ಹಾಡು ಶುರುವಾಯಿತು. ಮೇಷ್ಟ್ರ ದನಿ ನುಣ್ಣಗೆ, ತೊಳೆದ ತಟ್ಟೆಯ ಹಾಗೆ ಬಂತು. ಒಂದು ಸಾಲು. ಅದಾದ ಮೇಲೆ ಅಮ್ಮ ಬರಬೇಕು. ನನಗೆ ಆ ಕ್ಯಾಸೆಟ್ಟು ಬಾಯಿಪಾಠ. ನನ್ನ ಮೈಯೆಲ್ಲ ಅವಳ ದನಿಗೆ ಅಣಿಯಾಯಿತು. ಬರಲಿಲ್ಲ. ಮೇಷ್ಟ್ರ ಎರಡನೇ ಸಾಲು ಬಂತು. ಮೆಟ್ಟಿಲು ಇದೆ ಅಂದುಕೊಂಡು ಕತ್ತಲಲ್ಲಿ ಕಾಲಿಟ್ಟರೆ ಇಲ್ಲದೇ ಹೋದಾಗ ಎದೆ ಧಸಕ್ಕನ್ನುವುದಿಲ್ಲವೇ, ಹಾಗೆ, ಪ್ರತಿ ಸಾಲಿಗೂ. ಶುದ್ಧಿ ಹೇಳಿದ್ದು ನಿಜ. ಜೋಡಿಸಿದ ಜಾಗ ಗೊತ್ತಾಗುತ್ತಿರಲಿಲ್ಲ. ಅಲ್ಲೊಬ್ಬಳು ಇದ್ದಳು ಅನ್ನುವುದು ಕೂಡ ಗೊತ್ತಾಗದಷ್ಟು ಸೊಗಸಾದ ಕೆಲಸ.

ಅರ್ಧ ಆಯಿತು. ಆಮೇಲೆ ಒಂದು ಕಡೆ ದನಿ ಬದಲಾಯಿತು.

ದಪ್ಪ ದನಿ. ಕೆಳಗಿನಿಂದ, ನೆಲಮಾಳಿಗೆಯಿಂದ ಎದ್ದು ಬಂದ ಹಾಗೆ ಬಂದು, ಅವಸರವಿಲ್ಲದೆ ಒಂದೊಂದೇ ಸ್ವರ ಹತ್ತುತ್ತಾ ಮೇಲಿನ ಷಡ್ಜಕ್ಕೆ ಹೋಗಿ ಅಲ್ಲಿ ನಿಂತಿತು. ನಿಂತೇ ಇತ್ತು.

ಅದು ಅಮ್ಮ.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ, ಆಮೇಲೆ ಎಲ್ಲ ತಿಳಿಯಿತು. ಅಮ್ಮನ ದನಿ ದಪ್ಪ. ಫೋನಿನಲ್ಲಿ ಮಾತಾಡಿದರೆ ಜನ "ನಮಸ್ಕಾರ ಸಾರ್" ಅನ್ನುತ್ತಿದ್ದರು. ಮೇಷ್ಟ್ರ ದನಿ ಮುಪ್ಪಿನಲ್ಲಿ ತೆಳುವಾಗಿ ದಾರದ ಹಾಗಾಗಿತ್ತು. ಆ ಸಂಜೆ ಅರ್ಧ ಪಾಠಕ್ಕೆ ಮೇಷ್ಟ್ರಿಗೆ ದಣಿವಾಗಿ, "ಇನ್ನು ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ" ಅನ್ನುತ್ತಾರೆ. ಅಲ್ಲಿಂದ ಅಮ್ಮ ಮುಂದೆ ಹಾಡುತ್ತಾಳೆ, ಮೇಷ್ಟ್ರು ಅವಳ ಹಿಂದೆ ಸಣ್ಣಗೆ ಹಾಡುತ್ತಾರೆ. ಮೇಷ್ಟ್ರ ಆ ಮಾತನ್ನು ಮಾತು ಅಂತ ತೆಗೆದುಬಿಟ್ಟಿದ್ದ ಶುದ್ಧಿ, ಮುಂದೆ ಹೋಗುವ ದನಿ ಗುರುವಿನದು, ಹಿಂದೆ ಬರುವ ದನಿ ಶಿಷ್ಯೆಯದು ಅಂತ ಲೆಕ್ಕ ಹಾಕಿದ್ದರು. ಬೇರೆ ಥರ ಇರಲು ಸಾಧ್ಯ ಅಂತಲೇ ಅವರಿಗೆ ಹೊಳೆದಿಲ್ಲ. ಹಿಂದೆ ಬರುತ್ತಿದ್ದ ಮೇಷ್ಟ್ರ ಸಣ್ಣ ದನಿಯನ್ನು ಹೆಣ್ಣು ದನಿ ಅಂತ ಒಂದೂ ಬಿಡದೆ ಕತ್ತರಿಸಿ ಎಸೆದಿದ್ದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯರಲ್ಲೊಬ್ಬ ಡಾಕ್ಟರು ಕಣ್ಣು ಒರೆಸಿಕೊಂಡರು. ಮ್ಯಾನೇಜರರು ತೊಡೆ ತಟ್ಟಿ, "ಈ ವಯಸ್ಸಿನಲ್ಲಿ! ಅಬ್ಬ!" ಅಂದರು. ಹಾಡು ನಿಂತಿತು. ಶುದ್ಧಿ ಕನ್ನಡಕ ತೆಗೆದು, "ಒಂದು ವಿಷಯ ಗಮನಿಸಿದ್ರಾ? ಮೊದಲಿನ ಅರ್ಧದಲ್ಲಿ ದನಿ ಇನ್ನೂ ಎದ್ದಿರಲಿಲ್ಲ. ಆಮೇಲೆ ಕಾವು ಏರಿ ಹೇಗೆ ಬಂತು ನೋಡಿ! ಇದೇ ವಿದ್ವಾಂಸರ ಗುಟ್ಟು" ಅಂದರು.

"ಇಂಥ ಕಂಠ ಇನ್ನು ಹುಟ್ಟಲ್ಲ ಬಿಡಿ" ಅಂದರು ಡಾಕ್ಟರು.

ನನ್ನ ಗಂಡ ತಲೆ ಆಡಿಸುತ್ತಿದ್ದರು. ಒಂದೇ ಮನೆಯಲ್ಲಿ ಆ ದನಿಯ ಜೊತೆ ಏಳು ವರ್ಷ ಉಂಡು ಮಲಗಿದ ಮನುಷ್ಯ, "ಅಳಿಯಂದಿರೇ, ಊಟಕ್ಕೆ ಬನ್ನಿ" ಅಂತ ದಿನಾ ಅದೇ ದನಿಯಲ್ಲಿ ಕರೆಸಿಕೊಂಡ ಮನುಷ್ಯ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು.

"ಅದು ನಮ್ಮಮ್ಮ" ಅಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಇಡೀ ಮಧ್ಯಾಹ್ನ ಕಿವಿಯನ್ನೇ ಬಂಡವಾಳ ಮಾಡಿಕೊಂಡು ಕೂತವರು! ನಾನು ಎದ್ದು ನಿಂತೆ. ಕುರ್ಚಿ ಮತ್ತೆ ಕಿರುಚಿತು, ಈ ಸಲ ತಿರುಗಿದರು.

"ಈಗ ಹಾಡಿದ್ದು ನಮ್ಮಮ್ಮ. ಮೇಷ್ಟ್ರಲ್ಲ. ಮೇಷ್ಟ್ರನ್ನ ನೀವು ಕತ್ತರಿಸಿ ಬಿಸಾಕಿದೀರ."

ಮ್ಯಾನೇಜರರು ನಕ್ಕರು. ಒಳ್ಳೆಯ ನಗು, ಮಕ್ಕಳ ಮಾತಿಗೆ ನಗುವ ನಗು. "ಕೂತ್ಕೊಳ್ಳಿ ತಾಯಿ. ತಾಯಿ ಮೇಲಿನ ಪ್ರೀತಿ, ಅರ್ಥ ಆಗುತ್ತೆ. ಕಿವಿ ಕೆಲವು ಸಲ ತನಗೆ ಬೇಕಾದ್ದು ಕೇಳಿಸಿಕೊಳ್ಳುತ್ತೆ."

"ಹೌದು ಸಾರ್. ಅದನ್ನೇ ನಾನೂ ಹೇಳ್ತಿರೋದು."

"ಏ, ಕೂತ್ಕೊಳ್ಳೇ" ಅಂದರು ಗಂಡ, ಹಲ್ಲು ಕಚ್ಚಿ.

"ನೀವು ಹೇಳಿ. ನಿಮಗೆ ಗೊತ್ತಾಗಲಿಲ್ವಾ? ನಿಮ್ಮತ್ತೆ ದನಿ ನಿಮಗೆ ಗೊತ್ತಾಗಲಿಲ್ವಾ?"

ಅವರು ನನ್ನ ಮುಖ ನೋಡಿದರು, ಮ್ಯಾನೇಜರರ ಮುಖ ನೋಡಿದರು, ಕೂತಿದ್ದ ಮೆತ್ತೆಯ ಕುರ್ಚಿಯ ಕೈಹಿಡಿ ನೋಡಿದರು. "ನನಗೆ... ಹಾಗೇನೂ ಅನಿಸಲಿಲ್ಲ" ಅಂದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ನನಗೆ ಬೈದಿದ್ದಾರೆ, ಮರೆತಿದ್ದಾರೆ, ಒಮ್ಮೆ ನನ್ನನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗಿದ್ದಾರೆ. ಯಾವುದೂ ಇಷ್ಟು ಉರಿಯಲಿಲ್ಲ.

"ಮೂಲ ಕ್ಯಾಸೆಟ್ಟು ಹಾಕಿ" ಅಂದೆ. "ಬೀರುವಿನಲ್ಲಿದೆ ತಾನೇ? ತೆಗೆದು ಹಾಕಿ. ನಾನು ಸುಳ್ಳು ಹೇಳ್ತಿದ್ರೆ ಇಲ್ಲೇ ಎಲ್ಲರ ಕಾಲಿಗೆ ಬಿದ್ದು ಹೋಗ್ತೀನಿ."

ಹಾಕಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಡಾಕ್ಟರಿಗೆ ಕುತೂಹಲ. "ಹಾಕಿಬಿಡಿ, ಒಂದು ಸಲ ಅವರಿಗೂ ಸಮಾಧಾನ ಆಗಲಿ" ಅಂದರು. ಮ್ಯಾನೇಜರರು ಬೀರು ತೆಗೆದರು. ನಾನು ಸುತ್ತಿಕೊಟ್ಟ ಬಟ್ಟೆ ಇರಲಿಲ್ಲ. ಡಬ್ಬಿಯ ಮೇಲಿದ್ದ ಅಮ್ಮನ ಕೈಬರಹವನ್ನು ಮುಚ್ಚಿ ವಿದ್ವಾಂಸರ ಹೆಸರಿನ ಅಚ್ಚಿನ ಚೀಟಿ ಅಂಟಿಸಿದ್ದರು. ಶುದ್ಧಿ ಅದನ್ನು ಹಾಕಿ ಅರ್ಧಕ್ಕೆ ಓಡಿಸಿ ನಿಲ್ಲಿಸಿದರು.

ಸರ್ ಅನ್ನುವ ಸದ್ದು. ಫ್ಯಾನು. ನಮ್ಮ ಹಳೆಯ ಮನೆಯ ಮುಂದಿನ ಕೋಣೆ ಇಡಿಯಾಗಿ ಆ ಹಾಲಿಗೆ ಬಂದು ಕೂತಿತು. ಮೇಷ್ಟ್ರು ಕೆಮ್ಮಿದರು. "ಇನ್ನು ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ." ಅಮ್ಮ ಶುರು ಮಾಡಿದಳು. ಅವಳ ಹಿಂದೆ, ಒಂದು ಹೆಜ್ಜೆ ತಡವಾಗಿ, ಆ ತೆಳು ದನಿ. ಮೇಲಿನ ಷಡ್ಜಕ್ಕೆ ಅವಳು ಹೋಗಿ ನಿಂತಾಗ ಮೇಷ್ಟ್ರ ದನಿ ಅರ್ಧ ದಾರಿಯಲ್ಲಿ ಬಿಟ್ಟುಹೋಗುತ್ತದೆ. ಆಮೇಲೆ ಅವರು, ಅದೇ ತೆಳು ದನಿಯಲ್ಲಿ, ಹೇಳುತ್ತಾರೆ: "ಆಹ್! ಗಂಡಾಗಿ ಹುಟ್ಟಬೇಕಿತ್ತು ಕಣೇ ನೀನು. ವೇದಿಕೆ ಆಳ್ತಿದ್ದೆ."

ಅಮ್ಮ ನಗುತ್ತಾಳೆ. "ಹುಟ್ಟಲಿಲ್ವಲ್ಲ ಮೇಷ್ಟ್ರೇ, ಏನ್ಮಾಡೋದು. ಚಹಾ ತರ್ಲಾ?"

ನಾನು ಗೆದ್ದೆ ಅನ್ನಬೇಕು. ಆದರೆ ನನಗೆ ಸಿಟ್ಟು ಇಳಿಯುವ ಬದಲು ನೆತ್ತಿಗೇರಿತು, ಅದೂ ಅಮ್ಮನ ಮೇಲೆ. ಆ ಮಾತನ್ನು ಅವಳು ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು: ಮೇಷ್ಟ್ರು ನನಗೆ ಹೀಗಂದರು! ಮೊನ್ನೆ ಮೊನ್ನೆಯವರೆಗೆ ನಾನೂ ಅದನ್ನು ಹೊಗಳಿಕೆ ಅಂತಲೇ ಕೇಳಿದ್ದೆ. ಚಹಾ ತರ್ಲಾ ಅಂತೆ! ತೊಂಬತ್ತು ಜನ ಎದ್ದು ನಿಲ್ಲಬೇಕಾದ ಹಾಗೆ ಹಾಡಿ, ಅದರ ಮರುಕ್ಷಣ ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ಎದ್ದು ಹೋದೆಯಲ್ಲ, ನಿನಗಾದರೂ ಕೇಳಿಸಲಿಲ್ಲವೇನೇ ನೀನು ಹಾಡಿದ್ದು?

ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮ್ಯಾನೇಜರರ ಹೆಂಡತಿ, "ಎಷ್ಟು ಚೆನ್ನಾಗಿ ಹಾಡಿದಾರೆ" ಅಂದರು.

"ನೀನು ಸುಮ್ನಿರು" ಅಂದರು ಮ್ಯಾನೇಜರರು.

ಶುದ್ಧಿ ಕನ್ನಡಕ ಹಾಕಿಕೊಂಡರು. ಮುಖ ಕೆಂಪಾಗಿತ್ತು. ನಾನು ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮ್ಯಾನೇಜರರಿಗೆ ಹೇಳಿದರು: "ಪೊರಪಾಟಾಗಿದೆ. ಒಂದು ವಾರ ಕೊಡಿ. ಇದನ್ನೂ ತೆಗೆದು, ಹಿಂದಿನ ದನಿಯನ್ನ ಮೇಲೆತ್ತಿ ಕೂರಿಸ್ತೀನಿ. ಸ್ವಲ್ಪ ಕ್ಷೀಣ ಇದೆ, ಆದರೂ ಬರುತ್ತೆ."

"ಏನನ್ನ ತೆಗೀತೀರಿ?" ಅಂದೆ.

"ಅಲ್ಲಮ್ಮ, ನೀವೇ ಹೇಳಿದ್ರಲ್ಲ, ಅದು ವಿದ್ವಾಂಸರದ್ದಲ್ಲ ಅಂತ."

"ಈಗ ತಾನೇ ಇಂಥ ಕಂಠ ಹುಟ್ಟಲ್ಲ ಅಂದ್ರಿ. ಅತ್ತಿರಿ. ಅದೇ ಹಾಡು ತಾನೇ? ಒಂದು ಸ್ವರ ಆಚೀಚೆ ಆಗಿದೆಯಾ?"

"ಹಾಡು ಚೆನ್ನಾಗಿದೆ, ಇಲ್ಲ ಅನ್ನಲ್ಲ" ಅಂದರು ಡಾಕ್ಟರು, ಕರವಸ್ತ್ರ ಜೇಬಿಗೆ ತುರುಕುತ್ತಾ. "ಒಬ್ಬ ಗೃಹಿಣಿಗೆ ಅದು... ತುಂಬ ಚೆನ್ನಾಗಿದೆ."

ನನ್ನ ಬಾಯಲ್ಲಿ ಏನೇನು ಬಂತೋ, ಎಲ್ಲ ನೆನಪಿಲ್ಲ. ಇಷ್ಟು ನೆನಪಿದೆ. ಶುದ್ಧಿಗೆ ಹೇಳಿದೆ: "ನನ್ನ ಅಂಗಡಿಗೆ ದಿನಾ ಬಟ್ಟೆ ಬರುತ್ತೆ, ಚಿಕ್ಕದು ಮಾಡಿಕೊಡಿ ಅಂತ. ಮಾಡ್ತೀನಿ. ಆದರೆ ಮಿಕ್ಕಿದ ಬಟ್ಟೆಗೆ ಕತ್ತರಿ ಹಾಕಲ್ಲ, ಒಳಗೆ ಮಡಚಿ ಬಿಟ್ಟಿರ್ತೀನಿ. ನಾಳೆ ಯಾರಿಗಾದ್ರೂ ಅದು ಬೇಕಾಗುತ್ತೆ ಅಂತ ಒಬ್ಬ ದರ್ಜಿಗೆ ಗೊತ್ತಿರುತ್ತೆ. ಇಷ್ಟು ಓದಿದ ನಿಮಗೆ, ಕತ್ತರಿಸೋ ಮುಂಚೆ ಇದು ಯಾರು ಅಂತ ಕೇಳಬೇಕು ಅನಿಸಲಿಲ್ವಾ? ನಾನು ನಾಲ್ಕು ಬೀದಿ ಆಚೆ ಇದೀನಿ. ಒಂದು ಫೋನು."

ಆಮೇಲೆ ಕ್ಯಾಸೆಟ್ಟಿಗೆ ಕೈ ಹಾಕಿದೆ.

"ಅದು ಕೂಟದ್ದು" ಅಂದರು ಮ್ಯಾನೇಜರರು. ಈಗ ನಗು ಇರಲಿಲ್ಲ. "ಕೊಟ್ಟ ಮೇಲೆ ಮೂಲ ವಾಪಸ್ ಹೋಗಲ್ಲ. ಕಟ್ಟಳೆ. ನಿಮ್ಮ ಯಜಮಾನರು ಒಪ್ಪಿಯೇ ಕೊಟ್ಟಿದಾರೆ. ಇಂಥದ್ದು ಒಂದು ಮನೆಯ ಆಸ್ತಿ ಅಲ್ಲಮ್ಮಾ, ಸಂಗೀತದ ಆಸ್ತಿ."

"ಸಂಗೀತ ಬಂದು ಕೇಳಲಿ, ಕೊಡ್ತೀನಿ" ಅಂದೆ. ಯಂತ್ರದ ಗುಂಡಿ ಒತ್ತಿದೆ, ಮುಚ್ಚಳ ತೆರೆಯಿತು, ಕ್ಯಾಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡೆ. ಮ್ಯಾನೇಜರರು ಮುಂದೆ ಬಂದರು. ಮುಟ್ಟುವ ಧೈರ್ಯ ಇರಲಿಲ್ಲ. ಇದ್ದಿದ್ದರೆ ಅವತ್ತು ಆ ಹಾಲಿನಲ್ಲಿ ಇನ್ನೊಂದು ಬಗೆಯ ಕಛೇರಿಯೇ ಆಗಿಹೋಗುತ್ತಿತ್ತು. ಅವರ ಹೆಂಡತಿ ತಟ್ಟೆ ಸಮೇತ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಗಂಡ ಹಿಂದೆಯೇ ಬಂದರು. ಕಾರು ಮೊದಲ ತಿರುವು ದಾಟಿತು. ಆಮೇಲೆ ಶುರುವಾಯಿತು.

"ಮುಗೀತು. ನನ್ನ ಮಾನ ಹರಾಜು ಹಾಕಿದೆ. ಇನ್ನು ಆ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ."

"ಹತ್ತಬೇಡಿ."

"ನಿನಗೇನು ಗೊತ್ತು, ಎಷ್ಟು ವರ್ಷ ಕಾದಿದ್ದೆ ಅಂತ?"

"ಗೊತ್ತು. ನಮ್ಮಮ್ಮ ಸಾಯೋವರೆಗೆ."

ಅವರು ಬ್ರೇಕು ಹಾಕಿದ ರಭಸಕ್ಕೆ ಹಿಂದಿನವನು ಹಾರ್ನು ಬಾರಿಸಿದ. "ಇದು ಅನ್ಯಾಯದ ಮಾತು" ಅಂದರು. ಇರಬಹುದು. ಅವತ್ತು ನನ್ನ ಹತ್ತಿರ ನ್ಯಾಯ ತೂಗುವಷ್ಟು ವ್ಯವಧಾನ ಇರಲಿಲ್ಲ.

"ಗೊತ್ತಾಗಿತ್ತು ತಾನೇ ನಿಮಗೆ?" ಅಂದೆ. "ಅದು ಅಮ್ಮ ಅಂತ."

ಗೇರು ಹಾಕಿ ಕಾರನ್ನು ಮತ್ತೆ ಹೊರಡಿಸಿ, "ಹೂಂ" ಅಂದರು. "ಮೇಲಿನ ಸ್ವರಕ್ಕೆ ಹೋದಾಗ ಗೊತ್ತಾಯ್ತು. ಅಷ್ಟರಲ್ಲಿ ಎಲ್ಲರೂ ಆಹಾ ಅಂದುಬಿಟ್ಟಿದ್ರು. ಹೇಗೆ ಹೇಳ್ಲಿ?"

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ನಾನು ಕೈಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಊಟದ ಮೇಜಿನ ಹತ್ತಿರ ಕೂತೆ. ಅವರ ಫೋನು ಗುಯ್‌ಗುಡುತ್ತಲೇ ಇತ್ತು. ಮೊದಲು ನಾನು ಕೂಟದವರು ಬೈಯುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಶುದ್ಧಿ ಆ ಪ್ರತಿಯನ್ನು ಬೆಳಿಗ್ಗೆಯೇ ಬೇರೆ ಬೇರೆ ಊರು, ದೇಶಗಳಲ್ಲಿರುವ ಸದಸ್ಯರಿಗೆಲ್ಲ ಕಳಿಸಿಬಿಟ್ಟಿದ್ದರು, "ನಮ್ಮ ಹೊಸ ಸದಸ್ಯರ ಕೊಡುಗೆ" ಅಂತ ಇವರ ನಂಬರು ಸಮೇತ. ಅವರೆಲ್ಲ ಈಗ ಕೇಳಿ ಮುಗಿಸಿ ಬರೆಯುತ್ತಿದ್ದರು. ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬರು, ಎರಡನೇ ಅರ್ಧವನ್ನು ಮೂರು ಸಲ ಕೇಳಿದೆ, ಕಾರು ರಸ್ತೆ ಬದಿಗೆ ನಿಲ್ಲಿಸಿ ಕೇಳಿದೆ ಅಂತ ಬರೆದಿದ್ದರು. ವಿದ್ವಾಂಸರು ವಿದ್ವಾಂಸರೇ, ಅಂತ ಒಬ್ಬರು.

"ಉತ್ತರ ಬರೀರಿ" ಅಂದೆ.

"ಏನಂತ?"

"ಎರಡನೇ ಅರ್ಧ ಹಾಡಿದ್ದು ನನ್ನ ಅತ್ತೆ ಅಂತ."

"ನಾಳೆ ನೋಡೋಣ. ಈಗ ಬೇಡ. ಶುದ್ಧಿ ಹೇಗೂ ಬೇರೆ ಪ್ರತಿ..."

"ಈಗ. ಎಲ್ಲರಿಗೂ. ನಿಮ್ಮ ಕೈಯಿಂದ. ಇಲ್ಲ ಅಂದ್ರೆ ಫೋನು ಇಲ್ಲಿ ಕೊಡಿ, ನಾನು ಬರೀತೀನಿ. ನಾನು ಬರೆದ್ರೆ ಅಷ್ಟಕ್ಕೇ ನಿಲ್ಲಲ್ಲ."

ಅವರು ಕೂತರು. ಹೆಬ್ಬೆರಳು ಆಡಿಸಿದರು. ನಾನು ಭುಜದ ಮೇಲಿಂದ ನೋಡುತ್ತಾ ನಿಂತೆ. 'ಎರಡನೇ ಅರ್ಧದಲ್ಲಿರುವ ದನಿ ನನ್ನ ಅತ್ತೆಯವರದ್ದು ಇರಬಹುದು' ಅಂತ ಬರೆದರು.

"ಇರಬಹುದು ತೆಗೀರಿ."

"ಸ್ವಲ್ಪ ಮೆತ್ತಗೆ ಹೇಳಿದ್ರೆ..."

"ನಿಮ್ಮ ಶುದ್ಧಿ ಇಡೀ ಮನುಷ್ಯಳನ್ನೇ ತೆಗೆದ್ರಲ್ಲ. ನೀವು ಒಂದು ಪದ ತೆಗೀರಿ."

ತೆಗೆದರು. ಕಳಿಸಿದರು. ಒಬ್ಬರಿಗಾದ ಮೇಲೆ ಒಬ್ಬರಿಗೆ, ನಾನು ಹೂಂ ಅಂದ ಮೇಲೆ ಒಂದೊಂದನ್ನೂ. ಫೋನು ಒಮ್ಮೆಲೇ ತೆಪ್ಪಗಾಯಿತು. ಮೂರು ಸಲ ಕೇಳಿದವರು ಓದಿದರು, ಏನೂ ಬರೆಯಲಿಲ್ಲ. ಕೈಮುಗಿದವರೂ ಅಷ್ಟೇ. ಗಂಡ, "ನೋಡಿದೆಯಾ?" ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬೇಸರ ಎಷ್ಟಿತ್ತೋ ಅಷ್ಟೇ ಸಮಾಧಾನವೂ ಇತ್ತು. ನನಗೆ ಆ ಫೋನನ್ನು ಗೋಡೆಗೆ ಬಡಿಯಬೇಕು ಅನಿಸಿತು.

ಆಗ ಒಂದು ಉತ್ತರ ಬಂತು. ಯಾರೋ ಗೊತ್ತಿಲ್ಲದವರು, ಇಲ್ಲಿಯವರಲ್ಲ. ಗಂಡಸೋ ಹೆಂಗಸೋ ಹೆಸರಿನಿಂದ ತಿಳಿಯುವ ಹಾಗಿರಲಿಲ್ಲ. ಎರಡೇ ಸಾಲು. 'ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹಾಡಿದ್ದು ಇನ್ನೂ ಏನಾದರೂ ಇದೆಯೇ? ಎಷ್ಟು ಹಳೆಯದಾದರೂ, ಎಷ್ಟು ಗದ್ದಲ ಇದ್ದರೂ ಪರವಾಗಿಲ್ಲ, ಹಾಗೇ ಕಳಿಸಿ.'

ಗಂಡ ಅದನ್ನು ಗಟ್ಟಿಯಾಗಿ ಓದಿದರು.

ಈ ಮನೆಯಲ್ಲಿ ಎರಡು ಟೇಪ್ ರೆಕಾರ್ಡರುಗಳಿವೆ. ಜೊತೆಗೆ ಒಂದು ಸಣ್ಣ ಯಂತ್ರ, ಬೆಂಕಿಪೆಟ್ಟಿಗೆಯಷ್ಟು, ಬೆಲೆ ಕೇಳಿ ನಾನು ಬೆಚ್ಚಿದ್ದೆ. ಅದರಲ್ಲಿ ಇವರು ಸಿಕ್ಕಸಿಕ್ಕ ಸಭಾಂಗಣಗಳಲ್ಲಿ ಹಾಡು ಹಿಡಿದು ತಂದಿದ್ದಾರೆ. ಅಮ್ಮ ಕೊನೆಯ ಏಳು ವರ್ಷ ಈ ಮನೆಯಲ್ಲೇ ಇದ್ದಳು. ಹಿಂದಿನ ಕೋಣೆಯಲ್ಲಿ, ಬಟ್ಟೆ ಮಡಚುತ್ತಾ, ಮೈಕಾಸಿಕೊಳ್ಳುತ್ತಾ, ದಿನಾ ಹಾಡಿಕೊಳ್ಳುತ್ತಿದ್ದಳು. ಇವರು ಮುಂದಿನ ಕೋಣೆಯಿಂದ ಕೂಗುತ್ತಿದ್ದರು: "ಅತ್ತೇ, ಸ್ವಲ್ಪ ಸುಮ್ಮನಿರ್ತೀರಾ? ಹಾಡು ಕೇಳ್ತಿದೀನಿ." ಅಮ್ಮ ಅರ್ಧಕ್ಕೆ ನಿಲ್ಲಿಸಿ, ಎದ್ದು ತಾನೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

"ಏನು ಬರೀಲಿ?" ಅಂದರು ಗಂಡ. ದನಿ ಸಣ್ಣಗಾಗಿತ್ತು.

"ಇಲ್ಲ ಅಂತ ಬರೀರಿ."

ಬರೆದರು. ಕಳಿಸಲು ಬೆರಳು ಒಯ್ದರು. ನಾನು ಅವರ ಮಣಿಕಟ್ಟು ಹಿಡಿದೆ.

"ಯಾಕಿಲ್ಲ ಅಂತಾನೂ ಬರೀರಿ."